ಅಗ್ಗಿಷ್ಟಿಕೆ ಹೋಯಿತು, ನಳಿಗೆ ಉಳಿಯಿತು

ಲಂಡನ್, ಮ್ಯಾಂಚೆಸ್ಟರ್, ಗ್ಲಾಸ್ಗೋ ಮುಂತಾದ ಊರುಗಳಲ್ಲಿ ನೂರು, ನೂರೈವತ್ತು ವರ್ಷ ಹಳೆಯದಾದ ಮನೆಗಳು ಇಂದಿಗೂ ಸಾಲುಸಾಲಾಗಿ ನಿಂತಿವೆ. ಅಂಥ ಮನೆಯೊಂದನ್ನು ಕೊಂಡವರು ನಡುಮನೆಯ ಅಗ್ಗಿಷ್ಟಿಕೆಯನ್ನು ತೆಗೆಸಿ ಜಾಗ ಮಾಡಿಕೊಳ್ಳಲು ಹೊರಟರೆ ಮೊದಲ ದಿನದ ಕೆಲಸ ಸಲೀಸಾಗಿ ಮುಗಿಯುತ್ತದೆ. ಕಲ್ಲಿನ ಚೌಕಟ್ಟು ಕಳಚಿಕೊಳ್ಳುತ್ತದೆ, ಅದರೊಳಗೆ ಕೂರಿಸಿದ್ದ ಗ್ಯಾಸಿನ ಒಲೆ ಹೊರಗೆ ಬರುತ್ತದೆ. ತೊಡಕು ಶುರುವಾಗುವುದು ಎರಡನೆಯ ದಿನ. ನೆಲಹಲಗೆಯ ಅಡಿಯಿಂದ ಒಂದು ತಾಮ್ರದ ಕೊಳವೆ ತಲೆಯೆತ್ತಿ ನಿಂತಿರುತ್ತದೆ. ಅದರ ಪಕ್ಕದಲ್ಲೇ ಕಬ್ಬಿಣದ್ದು ಇನ್ನೊಂದು. ಗಾರೆಯೊಳಗೆ ಹುದುಗಿದ ಸೀಸದ್ದು ಮತ್ತೊಂದು. ತಲೆ ಬಗ್ಗಿಸಿ ಮೇಲಕ್ಕೆ ನೋಡಿದರೆ ಮಸಿ ಹಿಡಿದ ಹೊಗೆಗೂಡು. ಹೊರಗೋಡೆಯಲ್ಲಿ ಯಾವ ಕಾಲದ್ದೋ ಒಂದು ಗಾಳಿಕಿಂಡಿ. ಇವುಗಳಲ್ಲಿ ಯಾವುದು ಸತ್ತಿದೆ, ಯಾವುದಕ್ಕೆ ಇನ್ನೂ ಜೀವವಿದೆ? ಯಾವುದನ್ನು ಮುಚ್ಚಬೇಕು, ಯಾವುದನ್ನು ಮುಚ್ಚಬಾರದು?

ಇದು ಕೇವಲ ಮೇಸ್ತ್ರಿಯ ಪ್ರಶ್ನೆಯೆಂದು ತೋರಬಹುದು. ಆದರೆ ಆ ಒಂದೊಂದು ಕೊಳವೆಯೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣಕ್ಕೆ ಗೋಡೆಯೊಳಗೆ ಸೇರಿದ್ದು. ಹೊಸತು ಬಂದಾಗ ಹಳೆಯದನ್ನು ಪೂರ್ತಿ ಕಿತ್ತುಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಮೇಲೊಂದು ಹಲಗೆ ಬಡಿದು, ಗಾರೆ ಮೆತ್ತಿ, ಬಣ್ಣ ಬಳಿದು ಮುಂದೆ ಸಾಗಿದರು. ಹೀಗೆ ಉಳಿದುಕೊಂಡವುಗಳನ್ನು ಏನು ಮಾಡಬೇಕೆಂಬ ನಿಯಮಗಳು ಇಂದು ಇವೆ. ಆ ನಿಯಮಗಳ ಹಿಂದೆ ಒಂದಲ್ಲ ಒಂದು ದುರಂತವಿದೆ. ಬ್ರಿಟನ್ನಿನ ಅಗ್ಗಿಷ್ಟಿಕೆಯ ಕತೆ ಆ ದೇಶದ ಇಂಧನದ ಕತೆಯೂ ಹೌದು.

ತೆರಿಗೆಗೆ ಹೆದರಿದ ಒಲೆ

ಚಳಿದೇಶದಲ್ಲಿ ಮನೆಯ ಲೆಕ್ಕವನ್ನು ಒಲೆಯ ಲೆಕ್ಕದಲ್ಲೇ ಹಿಡಿಯುತ್ತಿದ್ದ ಕಾಲವೊಂದಿತ್ತು. ಇಂಗ್ಲೆಂಡಿನಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಸರ್ಕಾರ 1662ರಲ್ಲಿ ಒಲೆ ತೆರಿಗೆಯೊಂದನ್ನು ಜಾರಿಗೆ ತಂದಿತು. ಒಂದು ಒಲೆಗೆ ವರ್ಷಕ್ಕೆ ಎರಡು ಷಿಲಿಂಗ್. ತೆರಿಗೆಯವರು ಮನೆಯೊಳಕ್ಕೇ ನುಗ್ಗಿ ಅಗ್ಗಿಷ್ಟಿಕೆಗಳನ್ನು ಎಣಿಸುತ್ತಿದ್ದುದರಿಂದ ಜನ ರೋಸಿಹೋಗಿದ್ದರು. ತೆರಿಗೆ ತಪ್ಪಿಸಲು ಕೆಲವರು ಒಲೆಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಅಗ್ಗಿಷ್ಟಿಕೆ ಕಾಣದಂತಾಗಿ ಹೊಗೆಗೂಡು ಮಾತ್ರ ಉಳಿಯುವ ಪರಿಪಾಠ ಅಷ್ಟು ಹಳೆಯದು.

ಆಕ್ಸ್‌ಫರ್ಡ್‌ಷೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ 1684ರಲ್ಲಿ ನಡೆದದ್ದನ್ನು ಆ ಊರಿನವರು ಇಂದಿಗೂ ನೆನೆಯುತ್ತಾರೆ. ರೊಟ್ಟಿ ಸುಡುವ ಕಸುಬಿನವರೊಬ್ಬರು ತಮ್ಮ ಒಲೆಗೆ ಬೇರೆ ಹೊಗೆಗೂಡು ಇದ್ದರೆ ತೆರಿಗೆ ಕಟ್ಟಬೇಕಾಗುತ್ತದೆಂದು ಗೋಡೆ ಕೊರೆದು, ಪಕ್ಕದ ಮನೆಯ ಹೊಗೆಗೂಡಿಗೆ ದಾರಿ ಮಾಡಿಕೊಂಡರಂತೆ. ಬೆಂಕಿ ಹತ್ತಿತು. ಸುಮಾರು ಇಪ್ಪತ್ತು ಮನೆಗಳು ಸುಟ್ಟು, ನಾಲ್ವರು ಸತ್ತರು. ತೆರಿಗೆ 1689ರಲ್ಲಿ ರದ್ದಾಯಿತು. ಆದರೆ ಗೋಡೆಯ ಹಿಂದಿನ ಹೊಗೆದಾರಿ ಯಾರದು, ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯದೆ ಕೈಹಾಕಬಾರದೆಂಬ ಪಾಠ ಉಳಿಯಿತು. ಇಂದಿಗೂ ಬ್ರಿಟನ್ನಿನಲ್ಲಿ ಎರಡು ಮನೆಗಳ ನಡುಗೋಡೆಯಲ್ಲಿ ಎರಡೂ ಮನೆಗಳ ಹೊಗೆದಾರಿಗಳು ಮೈಗೆ ಮೈ ತಾಗಿಸಿಕೊಂಡೇ ಮೇಲೇರುತ್ತವೆ. ತನ್ನದೆಂದು ತಿಳಿದು ಒಬ್ಬರು ಮುಚ್ಚಿದ ದಾರಿಯಲ್ಲಿ ಪಕ್ಕದ ಮನೆಯವರ ಒಲೆಯ ಹೊಗೆ ಹೋಗುತ್ತಿದ್ದರೆ ಅದು ಅವರ ಮನೆಯೊಳಕ್ಕೇ ತಿರುಗುತ್ತದೆ.

ಕಟ್ಟಿಗೆಯ ಕಾಲ ಮುಗಿದು ಕಲ್ಲಿದ್ದಲು ಬಂದಾಗ ಅಗ್ಗಿಷ್ಟಿಕೆ ಕಿರಿದಾಯಿತು, ಹೊಗೆದಾರಿಯೂ ಕಿರಿದಾಯಿತು. ಕೋಣೆಗೊಂದು ಒಲೆ, ಒಲೆಗೊಂದು ದಾರಿ. ಒಂಬತ್ತು ಅಂಗುಲ ಅಗಲ, ಹದಿನಾಲ್ಕು ಅಂಗುಲ ಉದ್ದದ ಆ ದಾರಿಗಳು ಗೋಡೆಯೊಳಗೆ ಅಂಕುಡೊಂಕಾಗಿ ಏರಿ, ಛಾವಣಿಯ ಮೇಲೆ ಒಂದೇ ಗೋಪುರದಲ್ಲಿ ಕೂಡುತ್ತಿದ್ದವು. ಅವುಗಳ ಮಸಿ ಕೆರೆಯಲು ಚಿಕ್ಕ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಇದನ್ನು ತಡೆಯಲು 1788ರಿಂದಲೂ ಕಾನೂನುಗಳು ಬಂದವು, ಬಂದಂತೆಯೇ ಮೂಲೆಗೆ ಸೇರಿದವು. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಎಳೆಯ ಬಾಲಕ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಕ್ಕಿಕೊಂಡು ಸತ್ತ ಮೇಲಷ್ಟೇ ಅದೇ ವರ್ಷ ಬಿಗಿಯಾದ ಕಾಯಿದೆ ಬಂದು ಆ ಕ್ರೂರ ಪದ್ಧತಿ ನಿಂತಿತು.

ಕೋವಿಯ ನಳಿಗೆಯಲ್ಲಿ ಅನಿಲ

ಈ ನಡುವೆ ಮನೆಯೊಳಕ್ಕೆ ಇನ್ನೊಂದು ವಸ್ತು ಬಂದು ಸೇರಿತ್ತು. ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ಮರ್ಡಾಕ್ 1792ರಲ್ಲಿ ಕಾರ್ನ್‌ವಾಲಿನ ರೆಡ್‌ರುತ್‌ನಲ್ಲಿದ್ದ ತನ್ನ ಮನೆಗೆ ಕಲ್ಲಿದ್ದಲ ಅನಿಲದಿಂದ ಬೆಳಕು ಮಾಡಿಕೊಂಡ. ಮುಚ್ಚಿದ ಪಾತ್ರೆಯಲ್ಲಿ ಕಲ್ಲಿದ್ದಲನ್ನು ಕಾಯಿಸಿ, ಹೊರಬರುವ ಅನಿಲವನ್ನು ಕೊಳವೆಯಲ್ಲಿ ಹಾಯಿಸಿ ತುದಿಯಲ್ಲಿ ಹೊತ್ತಿಸುವುದು ಅವನ ಉಪಾಯ. ಜರ್ಮನಿಯಿಂದ ಬಂದಿದ್ದ ಫ್ರೆಡರಿಕ್ ವಿನ್ಸರ್ 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಈ ದೀಪಗಳನ್ನು ಬೆಳಗಿಸಿ ಜನ ಬೆರಗಾಗುವಂತೆ ಮಾಡಿದ. 1812ರಲ್ಲಿ ಅನಿಲ ಸರಬರಾಜಿಗೆಂದೇ ಅಲ್ಲಿ ಕಂಪನಿ ಹುಟ್ಟಿಕೊಂಡಿತು. 1813ರ ಕೊನೆಯ ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಅನಿಲದ ಬೆಳಕು ಕಂಡಿತು.

ಆಗ ಮನೆಗಳಿಗೆ ಹಾಕಲು ತಕ್ಕ ಸಣ್ಣ ಕೊಳವೆಗಳೇ ಇರಲಿಲ್ಲ. ಹಳೆಯ ಕೋವಿಗಳ ನಳಿಗೆಗಳನ್ನು ಒಂದರ ತುದಿಗೊಂದು ಜೋಡಿಸಿ ಅನಿಲ ಹಾಯಿಸಿದರು. ನೆಪೋಲಿಯನ್ನನೊಡನೆ ಯುದ್ಧ ಮುಗಿದ ಮೇಲೆ ಅಂಥ ನಳಿಗೆಗಳಿಗೆ ಬರವಿರಲಿಲ್ಲ. ಕೋವಿಯ ನಳಿಗೆಗೆ ಇಂಗ್ಲಿಷಿನಲ್ಲಿದ್ದ 'ಬ್ಯಾರೆಲ್' ಎಂಬ ಹೆಸರು ಕಬ್ಬಿಣದ ಅನಿಲ ಕೊಳವೆಗೆ ಅಂಟಿಕೊಂಡು ಆ ಕಸುಬಿನವರ ಬಾಯಲ್ಲಿ ಬಹುಕಾಲ ಉಳಿಯಿತು. ಬೀದಿಯಡಿಗೆ ಎರಕದ ಕಬ್ಬಿಣ, ಮನೆಯೊಳಗೆ ಸೀಸ ಅಥವಾ ಸೀಸ ಮತ್ತು ತವರದ ಬೆರಕೆ. ಸೀಸ ಮೆತ್ತಗಿನ ಲೋಹವಾದ್ದರಿಂದ ಬೇಕಾದಂತೆ ಬಾಗಿಸಿ ಗಾರೆಯೊಳಗೆ ಮುಚ್ಚುವುದು ಸುಲಭ. ಮುಂದೆ ಗೋಡೆಗೆ ಮೊಳೆ ಹೊಡೆದವನ ಮೊಳೆ ಅದರೊಳಕ್ಕೆ ಇಳಿಯುವುದೂ ಅಷ್ಟೇ ಸುಲಭ.

ಈ ಅನಿಲ ಬರೀ ಉರಿಯುವ ವಸ್ತುವಾಗಿರಲಿಲ್ಲ, ವಿಷವೂ ಆಗಿತ್ತು. ಅದರಲ್ಲಿ ಜಲಜನಕ, ಮೀಥೇನ್‌ಗಳ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಸೇರಿರುತ್ತಿತ್ತು. ಈ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೋರುವ ಒಂದು ಕೊಳವೆ ಬೆಂಕಿ ಹೊತ್ತಿಸದೆಯೂ ಮಲಗಿದವರನ್ನು ಕೊಲ್ಲಬಲ್ಲದಾಗಿತ್ತು.

ದೀಪದಿಂದ ಒಲೆಗೆ

ವಿದ್ಯುತ್ ದೀಪ ಬಂದಾಗ ಅನಿಲದ ದೀಪ ಕೂಡಲೇ ಸೋಲೊಪ್ಪಲಿಲ್ಲ. ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1880ರ ದಶಕದಲ್ಲಿ ಕಂಡುಹಿಡಿದ ಮ್ಯಾಂಟಲ್, ಅಂದರೆ ಜ್ವಾಲೆಯ ಶಾಖಕ್ಕೆ ಬೆಳ್ಳಗೆ ಬೆಳಗುವ ಬಲೆ, ಅದಕ್ಕೆ ಮರುಜೀವ ಕೊಟ್ಟಿತು. ನಮ್ಮಲ್ಲಿ ಮದುವೆ ಮನೆಗಳಲ್ಲೂ ಯಕ್ಷಗಾನದ ರಂಗಸ್ಥಳದಲ್ಲೂ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಬಲೆ ಇದೇ. ಒಳಗೆ ಇರುತ್ತಿದ್ದುದು ಸೀಮೆಎಣ್ಣೆಯಾದರೂ ಜನ ಅದನ್ನು 'ಗ್ಯಾಸ್‌ಲೈಟು' ಎಂದೇ ಕರೆದರು. ಆ ಬಲೆಗೆ ಬೇಕಾದ ಥೋರಿಯಂ ಇರುವ ಮೊನಜೈಟ್ ಮರಳು 1909ರಲ್ಲಿ ತಿರುವಾಂಕೂರಿನ ಕಡಲತೀರದಲ್ಲಿ ಪತ್ತೆಯಾಗಿ ಯುರೋಪಿಗೆ ಹಡಗೇರಿತು. ಲಂಡನ್ನಿನ ಬೀದಿಗಳಲ್ಲಿ ಇಂದಿಗೂ ಸಾವಿರಕ್ಕೂ ಹೆಚ್ಚು ಅನಿಲ ದೀಪಗಳನ್ನು ಉಳಿಸಿಕೊಂಡಿದ್ದಾರೆ.

ಆದರೆ ಮನೆಯೊಳಗಿನ ದೀಪಗಳು ಒಂದೊಂದಾಗಿ ವಿದ್ಯುತ್ತಿಗೆ ತಿರುಗಿದವು. ಕೆಲವು ಕಾಲ ಜನ ಎರಡನ್ನೂ ನಂಬದೆ ಎರಡನ್ನೂ ಇಟ್ಟುಕೊಂಡರು. ಆ ಕಾಲದ ತೂಗುದೀಪಗಳಲ್ಲಿ ಮೇಲ್ಮುಖದ ಕೈಗಳು ಅನಿಲಕ್ಕೆ, ಕೆಳಮುಖದವು ವಿದ್ಯುತ್ ಬುರುಡೆಗೆ. ಹಲವು ಮನೆಗಳಲ್ಲಿ ವಿದ್ಯುತ್ ತಂತಿಯನ್ನು ಹಳೆಯ ಅನಿಲ ಕೊಳವೆಯೊಳಗೇ ತೂರಿಸಿದ್ದೂ ಉಂಟು. ಅಮೆರಿಕದ ಹಳೆಯ ಮನೆಗಳಲ್ಲಿ ಇಂದಿಗೂ ತೂಗುದೀಪ ಬಿಚ್ಚಿದವರಿಗೆ ಮೇಲ್ಛಾವಣಿಯಿಂದ ಇಳಿದ ತುಂಡು ಅನಿಲ ಕೊಳವೆ ಎದುರಾಗುವುದು ಅಪರೂಪವಲ್ಲ.

ಬೆಳಕಿನ ಮಾರುಕಟ್ಟೆ ಕೈತಪ್ಪತೊಡಗಿದಾಗ ಅನಿಲ ಕಂಪನಿಗಳು ಶಾಖದ ಕಡೆ ಕಣ್ಣು ಹಾಯಿಸಿದವು. 1880ರ ದಶಕದಿಂದಲೇ ಅಗ್ಗಿಷ್ಟಿಕೆಯೊಳಗೆ ಕೂರಿಸುವ ಅನಿಲ ಒಲೆಗಳು ಬರತೊಡಗಿದ್ದವು. ಅನಿಲದ ಉರಿ ಕಲ್ನಾರನ್ನೋ ಸುಟ್ಟ ಜೇಡಿಯ ಜಾಲರಿಯನ್ನೋ ಕೆಂಪಗೆ ಕಾಯಿಸುತ್ತಿತ್ತು. ಹೊಗೆ ಹಳೆಯ ಗೂಡಿನಲ್ಲೇ ಹೋಗುತ್ತಿತ್ತು. ಕಲ್ಲಿದ್ದಲನ್ನು ಬಿಡದವರ ಮನೆಗೂ ಅನಿಲ ಬಂತು. ಒಲೆಯ ಪಕ್ಕದ ನೆಲದಲ್ಲಿ ಒಂದು ನಲ್ಲಿ, ಅದಕ್ಕೊಂದು ರಬ್ಬರ್ ಕೊಳವೆ, ಅದರ ತುದಿಯಲ್ಲಿ ತೂತುಗಳಿರುವ ಕಬ್ಬಿಣದ ಕೋಲು. ಕೋಲನ್ನು ಕಲ್ಲಿದ್ದಲ ಅಡಿಗೆ ತಳ್ಳಿ ಹೊತ್ತಿಸಿದರೆ ಒಲೆ ಬೇಗ ಹತ್ತುತ್ತಿತ್ತು. ಒಲೆ ಹೋದರೂ ಕೋಲು ಹೋದರೂ ಆ ನಲ್ಲಿ ಹಾಗೆಯೇ ಉಳಿದ ಮನೆಗಳು ಎಷ್ಟೋ.

ಹೊಗೆಮಂಜಿನ ಐದು ದಿನ

ಕಲ್ಲಿದ್ದಲ ಅಗ್ಗಿಷ್ಟಿಕೆಗೆ ಕೊನೆಯ ಪೆಟ್ಟು ಬಿದ್ದದ್ದು 1952ರ ಡಿಸೆಂಬರ್ 5ರಿಂದ 9ರವರೆಗೆ. ಗಾಳಿ ಅಲುಗದ ಆ ಐದು ದಿನ ಲಂಡನ್ನಿನ ಲಕ್ಷಾಂತರ ಒಲೆಗಳ ಹೊಗೆ ಮಂಜಿನೊಡನೆ ಬೆರೆತು ನೆಲಮಟ್ಟದಲ್ಲೇ ನಿಂತುಬಿಟ್ಟಿತು. ಹಗಲಲ್ಲೇ ಬಸ್ಸುಗಳು ನಿಂತವು. ಸುಮಾರು 4,000 ಜನ ಸತ್ತರೆಂದು ಆಗ ಲೆಕ್ಕ ಹಾಕಿದರು. ನಂತರದ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೆ ಏರಿಸಿವೆ. ಅದರ ಫಲವಾಗಿ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ನಗರಸಭೆಗಳು ಹೊಗೆ ನಿಷೇಧಿತ ವಲಯಗಳನ್ನು ಗುರುತಿಸಿದವು. ಅಲ್ಲಿನ ಮನೆಯವರು ಒಲೆ ಬದಲಾಯಿಸಿದರೆ ಖರ್ಚಿನ ಹತ್ತರಲ್ಲಿ ಏಳು ಪಾಲು ಸಾರ್ವಜನಿಕ ಹಣದಿಂದ ಸಿಗುತ್ತಿತ್ತು.

ಆ ಹಣದಲ್ಲಿ ಸಾವಿರಾರು ಅಗ್ಗಿಷ್ಟಿಕೆಗಳು ಮುಚ್ಚಿದವು. ಹಲವರು ಗೂಡಿನ ಬಾಯಿಗೆ ಹಲಗೆ ಬಡಿದು ಅದರ ಮುಂದೆ ಅನಿಲ ಒಲೆ ನಿಲ್ಲಿಸಿದರು. ಇನ್ನು ಕೆಲವರು ಅಗ್ಗಿಷ್ಟಿಕೆಯ ಹೊಟ್ಟೆಯೊಳಗೆ ಬಿಸಿನೀರಿನ ಹಂಡೆ, ಮುಂದೆ ಒಲೆ, ಹಿಂದೆ ಹೊಗೆಗೂಡಿನಲ್ಲಿ ಲೋಹದ ನಳಿಗೆ, ಹೀಗೆ ಒಂದೇ ಜಾಗದಲ್ಲಿ ಮೂರನ್ನೂ ಅಡಕಿದರು. ಹೊಗೆ ನಳಿಗೆಗಳಿಗೆ ಕಲ್ನಾರು ಸಿಮೆಂಟನ್ನೂ ಧಾರಾಳವಾಗಿ ಬಳಸಿದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಖಚಿತವಾದ ಮೇಲೆ ಬ್ರಿಟನ್ 1999ರಲ್ಲಿ ಅದರ ಬಳಕೆಯನ್ನು ಪೂರ್ತಿ ನಿಷೇಧಿಸಿತು. ಆದರೆ ಗೋಡೆಯೊಳಗೆ ಆಗಲೇ ಸೇರಿದ್ದ ನಳಿಗೆ ಹಾಗೆಯೇ ಉಳಿಯಿತು. ಇಂದು ಅಂಥದ್ದನ್ನು ಸುತ್ತಿಗೆಯಿಂದ ಒಡೆಯುವವನು ತನ್ನ ಆಯುಸ್ಸನ್ನೇ ಒಡೆದುಕೊಳ್ಳುತ್ತಾನೆ.

ಅನಿಲ ಬದಲಾಯಿತು, ಕೊಳವೆ ಬದಲಾಗಲಿಲ್ಲ

1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ ಬ್ರಿಟನ್ನಿಗೆ ನೈಸರ್ಗಿಕ ಅನಿಲ ಸಿಕ್ಕಿತು. ಎರಡೇ ವರ್ಷಗಳಲ್ಲಿ ಅದು ದಡ ಸೇರಿತು. ಹೊಸ ಅನಿಲದ ಶಾಖ ಹಳೆಯದರ ಸುಮಾರು ಎರಡರಷ್ಟು, ಉರಿಯುವ ರೀತಿಯೂ ಬೇರೆ. ಆದ್ದರಿಂದ 1967ರಿಂದ 1977ರವರೆಗೆ, ಹತ್ತು ವರ್ಷಗಳ ಕಾಲ, ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಕೆಲಸಗಾರರು ಹೋಗಿ ಒಂದೊಂದು ಒಲೆಯ ಬರ್ನರನ್ನೂ ಬದಲಾಯಿಸಿದರು. ಶಾಂತಿಕಾಲದಲ್ಲಿ ಆ ದೇಶ ಕೈಗೊಂಡ ದೊಡ್ಡ ಕಾರ್ಯಗಳಲ್ಲಿ ಇದೂ ಒಂದು.

ನೈಸರ್ಗಿಕ ಅನಿಲದಲ್ಲಿ ಮಾನಾಕ್ಸೈಡ್ ಇಲ್ಲ. ಅಷ್ಟರಮಟ್ಟಿಗೆ ಮನೆಗಳು ಸುರಕ್ಷಿತವಾದವು. ಆದರೆ ಯಾರೂ ಹೆಚ್ಚು ಯೋಚಿಸದ ಎರಡು ಸಂಗತಿಗಳು ತಲೆಯೆತ್ತಿದವು. ಹಳೆಯ ಅನಿಲದಲ್ಲಿ ತೇವವಿತ್ತು. ಎರಕದ ಕೊಳವೆಗಳ ಸಂದುಗಳಲ್ಲಿ ತುರುಕಿದ್ದ ನಾರು ಆ ತೇವಕ್ಕೆ ಉಬ್ಬಿ ಸಂದನ್ನು ಬಿಗಿಹಿಡಿದಿತ್ತು. ಹೊಸ ಅನಿಲ ಒಣಗಿದ್ದು. ನಾರು ಒಣಗಿ ಕುಗ್ಗಿತು, ಸಂದುಗಳು ಸೋರತೊಡಗಿದವು. ಎರಡನೆಯದು ಹೊಗೆಗೂಡಿಗೆ ಸೇರಿದ್ದು. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಉರಿದಾಗ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಡುತ್ತದೆ. ಕಲ್ಲಿದ್ದಲ ಕಾವಿಗೆಂದು ಕಟ್ಟಿದ ದಪ್ಪ ಇಟ್ಟಿಗೆಯ ಗೂಡು ಅನಿಲದ ಸಣ್ಣ ಉರಿಗೆ ಬಿಸಿಯಾಗುವುದಿಲ್ಲ. ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ, ನೂರು ವರ್ಷದ ಮಸಿಯನ್ನು ಕರಗಿಸಿಕೊಂಡು ಗಾರೆಯ ಮೇಲೆ ಕಂದು ಕಲೆಯಾಗಿ ಮೂಡುತ್ತದೆ. ಇದಕ್ಕಾಗಿಯೇ ಹೊಗೆಗೂಡಿನೊಳಗೆ ಲೋಹದ ಒಳನಳಿಗೆ ಇಳಿಸುವ ಪದ್ಧತಿ ಬೆಳೆದದ್ದು. ಒಲೆ ತೆಗೆದಾಗ ಆ ಒಳನಳಿಗೆಯೂ ಅನಾಥವಾಗುತ್ತದೆ.

ಅನಿಲ ಎಂಥ ವಸ್ತುವೆಂಬುದನ್ನು ಜಗತ್ತಿಗೇ ನೆನಪಿಸಿದ್ದು 1968ರ ಮೇ 16ರ ನಸುಕು. ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಚ್ಚ ಹೊಸ ಕಟ್ಟಡದ 18ನೆಯ ಅಂತಸ್ತಿನಲ್ಲಿ ಮಹಿಳೆಯೊಬ್ಬರು ಚಹಾ ಕಾಸಲು ಕಡ್ಡಿ ಗೀರಿದರು. ಒಲೆಗೆ ಜೋಡಿಸಿದ್ದ ಕೊಳವೆಯ ಕಳಪೆ ಹಿತ್ತಾಳೆ ನಟ್ಟೊಂದು ಬಿರಿದು ಅನಿಲ ತುಂಬಿಕೊಂಡಿತ್ತು. ಸ್ಫೋಟಕ್ಕೆ ಗೋಡೆ ಹೊರಕ್ಕೆ ಹಾರಿ, ಕಟ್ಟಡದ ಒಂದು ಮೂಲೆಯಿಡೀ ಮೇಲಿನಿಂದ ಕೆಳತನಕ ಕುಸಿಯಿತು. ನಾಲ್ವರು ಸತ್ತರು; ಕಡ್ಡಿ ಗೀರಿದವರು ಬದುಕುಳಿದರು. ಅಂಥ ಕಟ್ಟಡಗಳನ್ನು ಬಲಪಡಿಸಬೇಕು, ಇಲ್ಲವೇ ಅನಿಲವನ್ನು ತೆಗೆಯಬೇಕು ಎಂದು ಆಗಲೇ ತೀರ್ಮಾನವಾಗಿತ್ತು. ಆದರೂ 2017ರಲ್ಲಿ, ಅಂದರೆ ಅರ್ಧ ಶತಮಾನದ ಬಳಿಕ, ದಕ್ಷಿಣ ಲಂಡನ್ನಿನ ಲೆಡ್ಬರಿ ವಸತಿಗೃಹಗಳಲ್ಲಿ ಅನಿಲ ಸಂಪರ್ಕವನ್ನು ತರಾತುರಿಯಲ್ಲಿ ಕಡಿಯಬೇಕಾಯಿತು. ಅವು ಬಲವಾಗಿವೆಯೆಂದು ಎಲ್ಲರೂ ನಂಬಿಕೊಂಡಿದ್ದರು, ಅಷ್ಟೆ.

ಮರೆವು ಎಷ್ಟು ಅಪಾಯಕಾರಿ ಎಂಬುದಕ್ಕೆ ಇನ್ನೊಂದು ನಿದರ್ಶನ ಸ್ಕಾಟ್ಲೆಂಡಿನ ಲಾರ್ಕ್‌ಹಾಲಿನದು. 1999ರ ಡಿಸೆಂಬರ್ 22ರಂದು ಅಲ್ಲಿನ ಮನೆಯೊಂದು ಸ್ಫೋಟಗೊಂಡು ತಂದೆ, ತಾಯಿ, ಇಬ್ಬರು ಮಕ್ಕಳು ಸತ್ತರು. ಬೀದಿಯಡಿಯ ಕಬ್ಬಿಣದ ಕೊಳವೆ ತುಕ್ಕು ತಿಂದು ಸೋರಿತ್ತು. ಆ ಕೊಳವೆಗಳ ಬಗ್ಗೆ ಇದ್ದ ದಾಖಲೆಗಳೂ ಸರಿಯಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿತ್ತು. 2005ರಲ್ಲಿ ನ್ಯಾಯಾಲಯ ಒಂದೂವರೆ ಕೋಟಿ ಪೌಂಡ್ ದಂಡ ವಿಧಿಸಿತು. ಕಟ್ಟಡಗಳಿಂದ 30 ಮೀಟರಿನೊಳಗಿರುವ ಕಬ್ಬಿಣದ ಕೊಳವೆಗಳನ್ನೆಲ್ಲ ಪ್ಲಾಸ್ಟಿಕ್ಕಿಗೆ ಬದಲಾಯಿಸುವ ಮೂವತ್ತು ವರ್ಷಗಳ ಕಾರ್ಯ 2002ರಿಂದ ನಡೆಯುತ್ತಿದೆ. ಹಲವೆಡೆ ಹಳೆಯ ಕೊಳವೆಯನ್ನು ಅಗೆದು ತೆಗೆಯುವುದಿಲ್ಲ. ಅದರೊಳಗೇ ಹಳದಿ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸುತ್ತಾರೆ.

ಮುಚ್ಚಬೇಕಾದ್ದು, ಮುಚ್ಚಬಾರದ್ದು

ಇಷ್ಟೆಲ್ಲದರ ಸಾರವಾಗಿ ರೂಪುಗೊಂಡ ಕ್ರಮ ಹೇಳಲು ಸರಳ. ಅಗ್ಗಿಷ್ಟಿಕೆ ತೆಗೆದ ಮೇಲೆ ಉಳಿಯುವುದು ಮೂರು: ಅನಿಲದ ಕೊಳವೆ, ಹೊಗೆಯ ದಾರಿ, ಗಾಳಿಯ ಕಿಂಡಿ. ಮೂರಕ್ಕೂ ಬೇರೆ ಬೇರೆ ನ್ಯಾಯ.

ಕೊಳವೆಯನ್ನು ಮುಚ್ಚಲೇಬೇಕು. ನಲ್ಲಿಯನ್ನು ತಿರುಗಿಸಿ ಬಿಟ್ಟರೆ ಸಾಲದು. ಯಾರ ಕಾಲೋ ಮಗುವಿನ ಕೈಯೋ ತಾಗಿ ಅದು ತೆರೆದುಕೊಳ್ಳಬಹುದು, ಒಳಗಿನ ಗ್ರೀಸು ಒಣಗಿ ತಾನೇ ಸೋರಬಹುದು. ಮರದ ಬಿರಡೆ, ಅಂಟುಪಟ್ಟಿಗಳಂತೂ ಕೂಡದು. ಸಂಪರ್ಕ ಕಡಿದ ಕೊಳವೆಯ ಒಂದೊಂದು ಬಾಯಿಯನ್ನೂ ತಕ್ಕ ಲೋಹದ ಮುಚ್ಚಳದಿಂದ ಬಿಗಿಯಬೇಕೆಂದು ಬ್ರಿಟನ್ನಿನ ಕಾನೂನೇ ಹೇಳುತ್ತದೆ. ಈ ಕೆಲಸವನ್ನು ನೋಂದಾಯಿತ ಕೆಲಸಗಾರರೇ ಮಾಡಬೇಕು. ಉತ್ತಮ ಕೆಲಸಗಾರ ಕೋಣೆಯ ತುದಿಯಲ್ಲಿ ಮುಚ್ಚಿ ಸುಮ್ಮನಾಗುವುದಿಲ್ಲ. ಕವಲು ಒಡೆದ ಜಾಗಕ್ಕೇ ಹೋಗಿ ಅಲ್ಲಿಂದಲೇ ಕಡಿದು ಮುಚ್ಚುತ್ತಾನೆ. ಇಲ್ಲವಾದರೆ ಯಾರಿಗೂ ಬೇಡದ, ಆದರೆ ಅನಿಲ ತುಂಬಿದ ಕೊಳವೆಯೊಂದು ನೆಲದಡಿ ಮಲಗಿರುತ್ತದೆ. ಕೊನೆಗೆ ಒತ್ತಡಮಾಪಕ ಹಚ್ಚಿ ಒತ್ತಡ ಇಳಿಯುವುದಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ನಮಗೆ ಬರುವ ಕೊಳೆತ ನಾತ ಬೇಕೆಂದೇ ಬೆರೆಸಿದ್ದು. 1937ರಲ್ಲಿ ಅಮೆರಿಕದ ಟೆಕ್ಸಾಸಿನ ಶಾಲೆಯೊಂದು ವಾಸನೆಯಿಲ್ಲದ ಅನಿಲ ಸೋರಿ ಸ್ಫೋಟಗೊಂಡು ಮುನ್ನೂರರ ಹತ್ತಿರ ಮಕ್ಕಳು, ಶಿಕ್ಷಕರು ಸತ್ತ ಮೇಲೆ ಅಲ್ಲಿ ಈ ಪದ್ಧತಿ ಕಡ್ಡಾಯವಾಯಿತು.

ಹೊಗೆಗೂಡಿಗೆ ಇದರ ತದ್ವಿರುದ್ಧ ನ್ಯಾಯ. ಅದನ್ನು ಪೂರ್ತಿ ಮುಚ್ಚಬಾರದು. ಮೇಲಿನ ಬಾಯಿಗೆ ಮಳೆ ಮತ್ತು ಹಕ್ಕಿಗಳನ್ನು ತಡೆದು ಗಾಳಿಯನ್ನು ಬಿಡುವ ಟೋಪಿ, ಕೆಳಗೆ ಕೋಣೆಯಲ್ಲಿ ಒಂದು ಸಣ್ಣ ಜಾಲರಿ. ಈ ಎರಡರ ನಡುವೆ ಗಾಳಿ ಸುಳಿದಾಡುತ್ತಿರಬೇಕು. ಎರಡೂ ಕಡೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ದಾರಿಯಿಲ್ಲ. ಮಸಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ; ಎಷ್ಟು ಸಲ ಬಣ್ಣ ಬಳಿದರೂ ಕಲೆ ಮತ್ತೆ ಮೂಡುತ್ತದೆ. ಇನ್ನು ಕೋಣೆಗೆ ಚಾಚಿರುವ ಗೂಡಿನ ಗೋಡೆಯನ್ನೇ ಒಡೆಸುವವರಿದ್ದಾರೆ. ಅಂಥವರು ಮೇಲಂತಸ್ತಿನಲ್ಲಿ ಹಾಗೂ ಛಾವಣಿಯಲ್ಲಿ ಉಳಿದ ಟನ್ನುಗಟ್ಟಲೆ ಇಟ್ಟಿಗೆಯನ್ನು ಯಾವುದು ಹೊರುತ್ತದೆಂದು ಮೊದಲು ಕೇಳಿಕೊಳ್ಳಬೇಕು. ಉಕ್ಕಿನ ತೊಲೆ ಕೊಡದೆ ಒಡೆದ ಮನೆಯಲ್ಲಿ ಆ ಭಾರ ಮಲಗುವ ಕೋಣೆಯ ಮೇಲೆ ತೂಗಾಡುತ್ತಿರುತ್ತದೆ.

ಗಾಳಿಕಿಂಡಿಯ ವಿಷಯ ಇನ್ನೂ ನಾಜೂಕು. ಚಳಿಗಾಳಿ ಬರುತ್ತದೆಂದು ಅದಕ್ಕೆ ಬಟ್ಟೆ ತುರುಕುವುದು ಸಾಮಾನ್ಯ. ಆದರೆ ಆ ಕಿಂಡಿ ತೆಗೆದ ಒಲೆಗೆ ಮಾತ್ರ ಸೇರಿತ್ತೇ, ಅಥವಾ ಅದೇ ಮನೆಯ ಇನ್ನೊಂದು ಒಲೆಯೋ ಬಿಸಿನೀರಿನ ಯಂತ್ರವೋ ಅದರ ಗಾಳಿಯನ್ನು ನಂಬಿಕೊಂಡಿದೆಯೇ? ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಅನಿಲ ಅದೇ ಹಳೆಯ ಕಾರ್ಬನ್ ಮಾನಾಕ್ಸೈಡನ್ನು ಹುಟ್ಟಿಸುತ್ತದೆ. ಉತ್ತರ ಸಮುದ್ರದ ಅನಿಲ ಬಂದು ಓಡಿಸಿದ ವಿಷ ಒಂದು ಮುಚ್ಚಿದ ಕಿಂಡಿಯಿಂದ ಮನೆಗೆ ಮರಳುತ್ತದೆ.

ನಮ್ಮ ಹೊಗೆ, ನಮ್ಮ ಕಿಂಡಿ

ನಮ್ಮಲ್ಲಿ ಈ ಕತೆ ಬೇರೆ ದಾರಿ ಹಿಡಿಯಿತು. ಕಲ್ಕತ್ತೆ 1857ರಲ್ಲಿ, ಮುಂಬಯಿ 1865ರಲ್ಲಿ ಅನಿಲದ ಬೀದಿದೀಪ ಕಂಡವು. ಬೆಂಗಳೂರು ಆ ಮೆಟ್ಟಿಲನ್ನೇ ಹಾರಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಎಣ್ಣೆಯ ದೀಪದಿಂದ ನೇರವಾಗಿ ವಿದ್ಯುತ್ತಿಗೆ. ಹಾಗಾಗಿ ನಮ್ಮ ಗೋಡೆಗಳಲ್ಲಿ ಸೀಸದ ಅನಿಲ ಕೊಳವೆಗಳಿಲ್ಲ. ಅಗ್ಗಿಷ್ಟಿಕೆಗಳು ಇದ್ದದ್ದು ದಂಡಿನ ಪ್ರದೇಶದ ಬಂಗಲೆಗಳಲ್ಲಿ, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದ ಮನೆಗಳಲ್ಲಿ. 'ಚಿಮಣಿ' ಎಂಬ ಪದ ಹಳ್ಳಿಗೆ ಬಂದದ್ದೂ ದೀಪದ ಗಾಜಿನ ಬುರುಡೆಯ ಹೆಸರಾಗಿ. ಉತ್ತರ ಕರ್ನಾಟಕದಲ್ಲಿ ಸೀಮೆಎಣ್ಣೆಗೆ ಇಂದಿಗೂ ಚಿಮಣಿ ಎಣ್ಣೆ ಎನ್ನುತ್ತಾರೆ.

ಆದರೆ ಹೊಗೆ ನಮಗೆ ಹೊಸತಲ್ಲ. ಹಳೆಯ ಅಡುಗೆಮನೆಗಳಲ್ಲಿ ಹೆಂಚಿನ ನಡುವೆ ಹೊಗೆ ಹೋಗಲು ಬಿಟ್ಟ ಕಿಂಡಿ ಇರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಹೋದಾಗ ಅದರೊಡನೆ ಛಾವಣಿ ತೂರಿದ ಹೊಗೆ ಕೊಳವೆಯೂ ಹೋಯಿತು. ಬಳಿಕ ಸಿಲಿಂಡರ್ ಬಂತು, ಮಣ್ಣಿನ ಒಲೆ ಮೂಲೆ ಸೇರಿತು, ಕಿಂಡಿಗಳಿಗೆ ಕೆಲಸವಿಲ್ಲವೆಂದು ಮುಚ್ಚಿದೆವು. ಈಗ ಕೊಳವೆ ಅನಿಲದ ಸರದಿ. ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಕೊಳವೆ ಮಾರ್ಗ ಬಂದ ಮೇಲೆ ನಗರದ ಹಲವು ಬಡಾವಣೆಗಳ ಗೋಡೆಗಳ ಮೇಲೆ ಅನಿಲದ ಕೊಳವೆಗಳು ಕಾಣಿಸಿಕೊಂಡಿವೆ. ಒಂದು ವ್ಯತ್ಯಾಸ ನೆನಪಿರಲಿ: ಕೊಳವೆಯ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ; ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಒಂದಕ್ಕೆ ಮಾಡಿದ ಕಿಂಡಿ ಇನ್ನೊಂದಕ್ಕೆ ಒದಗದು.

ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹೊತ್ತಿಸಿ ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋದ ಸುದ್ದಿಯನ್ನು ನಾವು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅದೂ ಇದೇ ಕತೆಯ ಇನ್ನೊಂದು ಅಧ್ಯಾಯ. ಹಳೆಯ ಒಲೆಯೊಡನೆ ಹೊಗೆ ಹೋಯಿತು. ಹೊಗೆಯೊಡನೆ ಹೊಗೆಗೆ ದಾರಿ ಬೇಕೆಂಬ ಎಚ್ಚರವೂ ಹೋಯಿತು. ಕಣ್ಣುರಿಸುವ ಹೊಗೆ ನಮ್ಮನ್ನು ಕಿಂಡಿ ತೆರೆಯುವಂತೆ ಒತ್ತಾಯಿಸುತ್ತಿತ್ತು. ಕಾಣದ ಹೊಗೆ ಹಾಗೆ ಒತ್ತಾಯಿಸುವುದಿಲ್ಲ.

ಇಂಧನ ಮತ್ತೊಮ್ಮೆ ಬದಲಾಗುವ ಕಾಲವಿದು. ನೆದರ್ಲೆಂಡ್ಸ್ ದೇಶದಲ್ಲಿ 2018ರಿಂದ ಹೊಸ ಮನೆಗಳಿಗೆ ಅನಿಲ ಸಂಪರ್ಕ ಕೊಡುವುದನ್ನು ನಿಲ್ಲಿಸಿದ್ದಾರೆ. ವಿದ್ಯುತ್ತಿನಿಂದ ಶಾಖ ಪಡೆಯುವ ಮನೆಗಳು ಹೆಚ್ಚಿದಂತೆ, ಇಂದು ಗೋಡೆಗಳ ಮೇಲೆ ಹೊಸದಾಗಿ ಏರುತ್ತಿರುವ ಕೊಳವೆಗಳೂ ಒಂದು ದಿನ ಯಾರಿಗೂ ಬೇಡವಾಗುತ್ತವೆ. ಆಗ ಗೋಡೆ ಕೆತ್ತುವ ಮನುಷ್ಯ ನಮ್ಮ ಮೊಮ್ಮಗನೋ, ನಮಗೆ ಗುರುತೇ ಇಲ್ಲದ ಕೂಲಿಯವನೋ ಆಗಿರುತ್ತಾನೆ. ಎಲ್ಲಿಂದ ಎಲ್ಲಿಗೆ ಕೊಳವೆ ಹೋಗಿದೆ, ಎಲ್ಲಿ ಮುಚ್ಚಿದೆ, ಯಾವ ಕಿಂಡಿ ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಗೀಚಿ ಮನೆಪತ್ರಗಳ ಜೊತೆ ಇಟ್ಟರೆ ಖರ್ಚೇನೂ ಇಲ್ಲ. ಲಾರ್ಕ್‌ಹಾಲಿನ ಬೀದಿಯಡಿಯ ಕೊಳವೆಗಳಿಗೆ ಸರಿಯಾ​ದ ಅಂಥ ಹಾಳೆ ಇರಲಿಲ್ಲ.